ತೂತು ತೂತಾದ ಕಪ್ಪು ಕಲ್ಲಿನೊಳಗೆ ಸೂರ್ಯನ ಗಾಳಿ ಇದೆಯೇ?

ಅಂಗೈ ಮೇಲೆ ಕಪ್ಪು ಕಲ್ಲು, ಮೈತುಂಬ ತೂತು. ಜೊತೆಗೆ ಒಂದು ಸಾಲು: ಆಕಾಶದಿಂದ ಬಿದ್ದದ್ದು, ಒಳಗೆ ಸೂರ್ಯನ ಗಾಳಿ ಇದೆ, ಬೆಲೆ ಕೋಟಿ. ಇಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದರಲ್ಲಿ ಅರ್ಧ ಮಾತು ನಿಜ. ಕೆಲವು ಉಲ್ಕಾಶಿಲೆಗಳಲ್ಲಿ ಸೂರ್ಯನಿಂದ ಬಂದ ಅನಿಲ ಸಿಕ್ಕಿಕೊಂಡಿರುವುದು ಹೌದು. ಆದರೆ ಅದು ಇರುವುದು ಆ ತೂತುಗಳಲ್ಲಿ ಅಲ್ಲ. ಅಷ್ಟೊಂದು ತೂತು ಕಂಡರೆ ಅದು ಉಲ್ಕಾಶಿಲೆಯೇ ಅಲ್ಲ ಎಂಬ ಅನುಮಾನ ಬರಬೇಕು.

ಹಾಗಾದರೆ ಆ ತೂತು ಎಲ್ಲಿಂದ ಬಂತು?

ಶಿವಮೊಗ್ಗದಿಂದ ಮಲವಗೊಪ್ಪ ದಾಟಿ ಭದ್ರಾವತಿಗೆ ಹೋಗುವ ದಾರಿಯ ಆಸುಪಾಸಿನಲ್ಲಿ ಇಂಥ ಕಲ್ಲು ಸಿಕ್ಕಿತು ಅಂದುಕೊಳ್ಳಿ. ಮೊದಲು ನೆನಪಿಗೆ ಬರಬೇಕಾದ್ದು ಭದ್ರಾವತಿಯ ಕಬ್ಬಿಣದ ಕಾರ್ಖಾನೆ. 1923ರಲ್ಲಿ ಶುರುವಾದ ಕಾರ್ಖಾನೆ ಅದು. ಅದಿರನ್ನು ಕರಗಿಸಿ ಕಬ್ಬಿಣ ತೆಗೆದಾಗ ಉಳಿಯುವ ಕಸವೇ ಕಿಟ್ಟ, ಅಂದರೆ ಸ್ಲ್ಯಾಗ್. ಕುದಿಯುವ ಕಿಟ್ಟದಲ್ಲಿ ಅನಿಲದ ಗುಳ್ಳೆಗಳು ಏಳುತ್ತವೆ. ಅದು ತಣಿದು ಗಟ್ಟಿಯಾದಾಗ ಗುಳ್ಳೆಯ ಜಾಗದಲ್ಲಿ ತೂತು ಉಳಿಯುತ್ತದೆ. ಕಿಟ್ಟದ ಚೂರುಗಳು ನೋಡಲು ಕಪ್ಪು, ಕೆಲವು ಅಯಸ್ಕಾಂತಕ್ಕೂ ಅಂಟುತ್ತವೆ. ಆದ್ದರಿಂದ ಅಯಸ್ಕಾಂತಕ್ಕೆ ಅಂಟಿತು ಎಂಬುದೊಂದೇ ಪುರಾವೆ ಆಗುವುದಿಲ್ಲ. ಉಲ್ಕಾಶಿಲೆಗಳಲ್ಲಿ ಇಂಥ ಗುಳ್ಳೆ ತೂತು ತೀರಾ ಅಪರೂಪ. 1865ರಲ್ಲಿ ಮದ್ದೂರಿನಲ್ಲಿ, 1866ರಲ್ಲಿ ಉಡುಪಿಯಲ್ಲಿ ಬಿದ್ದವು ಕಾಂಡ್ರೈಟ್ ಎಂಬ ಸಾಮಾನ್ಯ ಜಾತಿಯ ಉಲ್ಕಾಶಿಲೆಗಳು. ಈ ಜಾತಿಯ ಕಲ್ಲು ಗುಳ್ಳೆಯಿಲ್ಲದ ಗಟ್ಟಿ ಕಲ್ಲು.

ಸೂರ್ಯನ ಗಾಳಿ ಅಂದರೇನು?

ಸೂರ್ಯನಿಂದ ವಿದ್ಯುದಾವೇಶದ ಕಣಗಳು ಎಲ್ಲ ದಿಕ್ಕಿಗೂ ಹೊರಡುತ್ತಲೇ ಇರುತ್ತವೆ. ಇದೇ ಸೌರ ಮಾರುತ. ವೇಗ ಸೆಕೆಂಡಿಗೆ ಸುಮಾರು 400 ಕಿಲೋಮೀಟರ್. ಇದು ಬಿಟ್ಟು ಬಿಟ್ಟು ಬೀಸುವುದಲ್ಲ, ಸದಾ ಹರಿಯುವಂಥದ್ದು ಎಂದು 1962ರ ಮ್ಯಾರಿನರ್-2 ನೌಕೆಯ ಅಳತೆಗಳಿಂದ ತೋರಿಸಿಕೊಟ್ಟವರಲ್ಲಿ ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್ ಒಬ್ಬರು. ಇದರಲ್ಲಿ ಹೆಚ್ಚಿನದು ಹೈಡ್ರೋಜನ್, ಆಮೇಲೆ ಹೀಲಿಯಂ. ನಿಯಾನ್, ಆರ್ಗಾನ್, ಕ್ರಿಪ್ಟಾನ್, ಝೆನಾನ್ ಎಂಬ ಜಡಾನಿಲಗಳು ಚೂರುಪಾರು.

ಭೂಮಿಗೆ ಕಾಂತಕ್ಷೇತ್ರ ಮತ್ತು ವಾಯುಮಂಡಲದ ರಕ್ಷಣೆ ಇದೆ. ಕ್ಷುದ್ರಗ್ರಹಗಳಿಗೆ ಅದಿಲ್ಲ. ಅವುಗಳ ಮೇಲಿನ ಧೂಳಿಗೆ ಈ ಕಣಗಳು ನೇರವಾಗಿ ಬಡಿದು ಒಳಗೆ ನಾಟಿಕೊಳ್ಳುತ್ತವೆ. ಎಷ್ಟು ಆಳಕ್ಕೆ? ಕೆಲವು ಹತ್ತು ನ್ಯಾನೋಮೀಟರ್. ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಭಾಗಕ್ಕಿಂತ ಕಡಿಮೆ. ಕಾಲಕ್ರಮದಲ್ಲಿ ಆ ಧೂಳು ಒತ್ತಿ ಕಲ್ಲಾಗುತ್ತದೆ. ಅದರ ಚೂರು ಭೂಮಿಗೆ ಬಿದ್ದರೆ ಸೂರ್ಯನ ಅನಿಲವೂ ಜೊತೆಗೆ ಬರುತ್ತದೆ. ಬೀಳುವಾಗ ಕಲ್ಲಿನ ಹೊರಮೈ ಮಾತ್ರ ಕರಗಿ ತೆಳುವಾದ ಕಪ್ಪು ಸಿಪ್ಪೆಯಾಗುತ್ತದೆ, ಒಳಭಾಗ ಅಷ್ಟು ಕಾಯುವುದಿಲ್ಲ. ಆದ್ದರಿಂದ ಒಳಗಿನ ಅನಿಲ ಉಳಿದುಕೊಳ್ಳುತ್ತದೆ. ಕ್ಷುದ್ರಗ್ರಹದ ಆಳದಲ್ಲೇ ಇದ್ದ ಕಲ್ಲಿಗೆ ಈ ಅನಿಲ ತಾಗಿರುವುದೇ ಇಲ್ಲ.

ಇದು ಬರೀ ಊಹೆ ಅಲ್ಲವೇ?

ಅಲ್ಲ. ಇಂಥ ಉಲ್ಕಾಶಿಲೆಯ ಹರಳುಗಳಲ್ಲಿ ಸೂರ್ಯನಿಂದ ಬಂದ ಕಣಗಳು ಕೊರೆದ ಸೂಕ್ಷ್ಮ ಗೆರೆಗಳಿರುವುದನ್ನು ಭಾರತೀಯ ವಿಜ್ಞಾನಿಗಳಾದ ದೇವೇಂದ್ರ ಲಾಲ್ ಮತ್ತು ಆರ್. ಎಸ್. ರಾಜನ್ 1969ರಲ್ಲಿ ಪ್ರಕಟಿಸಿದರು. ಕಲ್ಲಾಗುವ ಮುಂಚೆಯೇ ಒಂದೊಂದು ಹರಳೂ ಬಿಸಿಲಿಗೆ ಬಿದ್ದಿತ್ತು ಎಂಬುದಕ್ಕೆ ಅದು ಸಾಕ್ಷಿ. ಮುಂದೆ ಜಪಾನಿನ ಹಯಾಬುಸಾ ನೌಕೆ ಇಟೊಕಾವಾ ಎಂಬ ಕ್ಷುದ್ರಗ್ರಹದ ಮೇಲಿಂದಲೇ ಧೂಳು ತಂದಿತು, 2010ರಲ್ಲಿ. ಆ ಕಣಗಳಲ್ಲೂ ಸೌರ ಮಾರುತದ ಹೀಲಿಯಂ, ನಿಯಾನ್, ಆರ್ಗಾನ್ ಸಿಕ್ಕವು.

ಅಳೆಯುವುದು ಹೇಗೆ?

ಕಲ್ಲಿನ ಒಳಭಾಗದಿಂದ ಸಣ್ಣ ಚೂರು ತೆಗೆಯುತ್ತಾರೆ. ಗಾಳಿ ಪೂರ್ತಿ ಹೀರಿ ತೆಗೆದ ಪಾತ್ರೆಯಲ್ಲಿಟ್ಟು, ಮೊದಲು ಸ್ವಲ್ಪ ಬಿಸಿ ಮಾಡಿ ಮೇಲೆ ಅಂಟಿದ ನಮ್ಮ ಗಾಳಿಯನ್ನು ಓಡಿಸುತ್ತಾರೆ. ಆಮೇಲೆ ಹಂತ ಹಂತವಾಗಿ ಕಲ್ಲು ಕರಗುವ ತನಕ ಕಾಯಿಸುತ್ತಾರೆ. ಹೊರಬಂದ ಅನಿಲವನ್ನು ಬಿಸಿ ಟೈಟಾನಿಯಂನಂಥ ಲೋಹದ ಮೇಲೆ ಹಾಯಿಸಿದರೆ ಆಮ್ಲಜನಕ, ಸಾರಜನಕ ಮೊದಲಾದವು ಲೋಹಕ್ಕೆ ಅಂಟಿಕೊಳ್ಳುತ್ತವೆ. ಯಾವುದಕ್ಕೂ ಅಂಟದ ಜಡಾನಿಲ ಮಾತ್ರ ಉಳಿಯುತ್ತದೆ. ಅದನ್ನು ಮಾಸ್ ಸ್ಪೆಕ್ಟ್ರೋಮೀಟರ್ ತೂಕದ ಪ್ರಕಾರ ಬೇರೆ ಮಾಡಿ ಎಣಿಸುತ್ತದೆ.

ಅನಿಲದ ಊರು ಗೊತ್ತಾಗುವುದು ಈ ಎಣಿಕೆಯಿಂದಲೇ. ನಿಯಾನ್‌ನಲ್ಲಿ 20 ಮತ್ತು 22 ತೂಕದ ಪರಮಾಣುಗಳಿವೆ. ಸೌರ ಮಾರುತದಲ್ಲಿ 22ರದು ಒಂದಿದ್ದರೆ 20ರದು ಸುಮಾರು 13.8. ನಾವು ಉಸಿರಾಡುವ ಗಾಳಿಯಲ್ಲಿ 9.8. ವಿಶ್ವಕಿರಣಗಳು ಕಲ್ಲಿಗೆ ಬಡಿದು ಹೊಸದಾಗಿ ಹುಟ್ಟಿದ ನಿಯಾನ್ ಆದರೆ 1ಕ್ಕಿಂತ ಸ್ವಲ್ಪ ಕಡಿಮೆ. ಈ ಮೂರೂ ಬೆರೆತಿದ್ದರೂ ಲೆಕ್ಕ ಹಾಕಿ ಬಿಡಿಸಬಹುದು. ಭಾರತದಲ್ಲಿ ಇಂಥ ಅಳತೆ ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದಲ್ಲಿ ನಡೆದುಕೊಂಡು ಬಂದಿದೆ. ಮೊಬೈಲ್ ಫೋಟೊ ನೋಡಿಯೋ, ಕಲ್ಲನ್ನು ಬೆಂಕಿಗೆ ಹಿಡಿದೋ ಇದನ್ನು ಹೇಳಲು ಯಾರಿಂದಲೂ ಆಗದು.

ಮನೆಯಲ್ಲಿಟ್ಟರೆ ಅಪಾಯವೇ?

ಇಲ್ಲ. ಈ ಅನಿಲಗಳು ವಿಷವಲ್ಲ, ಇರುವ ಪ್ರಮಾಣವೂ ತೀರಾ ಅತ್ಯಲ್ಪ, ತಾನಾಗಿ ಸೋರಿ ಮನೆ ತುಂಬುವುದೂ ಇಲ್ಲ.

ಕಲ್ಲು ಸಿಕ್ಕರೆ ಏನು ಮಾಡಬೇಕು?

• ಬೆಂಕಿಗೆ ಹಿಡಿಯಬೇಡಿ, ಆಸಿಡ್ ಹಾಕಬೇಡಿ, ಉಜ್ಜಬೇಡಿ. ನಿಜವಾದ ಉಲ್ಕಾಶಿಲೆಯಾಗಿದ್ದರೆ ಕಾಯಿಸಿದಾಗ ಹೋಗುವ ಅನಿಲ ಮತ್ತೆ ಸಿಗುವುದಿಲ್ಲ.
• ಒಣ ಚೀಲದಲ್ಲಿಟ್ಟು, ಸಿಕ್ಕ ಜಾಗ ಮತ್ತು ದಿನ ಬರೆದಿಡಿ.
• ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಗೆ ತಿಳಿಸಿ. ಅದರ ಕಚೇರಿ ಬೆಂಗಳೂರಿನಲ್ಲಿದೆ.
• ಪರೀಕ್ಷೆ ಮಾಡಿಸಿ ಮಾರಿಕೊಡುತ್ತೇವೆ, ಮೊದಲು ಅಡ್ವಾನ್ಸ್ ಕೊಡಿ ಅಂದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಆ ಫೋಟೊ ಮತ್ತೆ ಗ್ರೂಪಿಗೆ ಬಂದರೆ ಮುಂದಕ್ಕೆ ಕಳಿಸುವ ಮುಂಚೆ ಕಳಿಸಿದವರನ್ನೇ ಕೇಳಿ: ಇದನ್ನು ಯಾವ ಪ್ರಯೋಗಾಲಯದಲ್ಲಿ ಅಳೆದರು?