ಅದೇ ಹೋಟೆಲು, ಅದೇ ಕಾಫಿ: ಖಾಯಂ ಗಿರಾಕಿ ಹುಟ್ಟುವ ಬಗೆ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ನಾಲ್ಕು ಹೆಜ್ಜೆ ನಡೆದರೆ ನಾಲ್ಕಾರು ಕಡೆ ಕಾಫಿ ಸಿಗುತ್ತದೆ. ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೂ ಇರುವುದಿಲ್ಲ. ಆದರೂ ಮೂರು ಹೋಟೆಲು ದಾಟಿಕೊಂಡು ನಾಲ್ಕನೆಯದಕ್ಕೇ ಹೋಗುವವರು ಪ್ರತಿ ಬೀದಿಯಲ್ಲೂ ಇದ್ದಾರೆ. ಗಲ್ಲಾದ ಮೇಲೆ ಕೂತವರು ಇವರನ್ನು ಖಾಯಂ ಗಿರಾಕಿಗಳೆಂದು ಗುರುತಿಟ್ಟುಕೊಂಡಿರುತ್ತಾರೆ. ಮಳೆ ಬಂದರೂ ಬಂದ್ ಇದ್ದರೂ ಬಾಗಿಲು ತೆರೆದಿದೆಯೇ ಎಂದು ಇಣುಕಿ ನೋಡುವವರು ಇವರೇ. ಬೀಜ, ಹಾಲು, ಬಾಡಿಗೆ ಮೂರೂ ತುಟ್ಟಿಯಾಗಿರುವ ಈ ಕಾಲದಲ್ಲಿ ಈ ನಂಟಿಗೆ ಹಿಂದಿಲ್ಲದ ಒತ್ತಡ ಬಿದ್ದಿದೆ.

ಬೆಟ್ಟದಿಂದ ಬೀದಿಗೆ

ದೇಶದ ಕಾಫಿ ಉತ್ಪಾದನೆಯಲ್ಲಿ ಸುಮಾರು ಶೇ 70ರಷ್ಟು ಕರ್ನಾಟಕದ್ದು. ಅದರಲ್ಲೂ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳದ್ದು. ಸೂಫಿ ಸಂತರೊಬ್ಬರು ಯೆಮನ್‌ನಿಂದ ಏಳು ಬೀಜ ತಂದು 17ನೇ ಶತಮಾನದಲ್ಲಿ ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯ ನಾಡಿಗೆಲ್ಲ ಗೊತ್ತು. ಆದರೆ ಬೆಳೆದವರೇ ಕುಡಿದವರಲ್ಲ. ಬ್ರಿಟಿಷರ ಕಾಲದ ತೋಟಗಳು ಬೆಳೆದದ್ದು ಹೊರದೇಶದ ಪೇಟೆಗಾಗಿ. ಕಾಫಿ ನಮ್ಮ ಪಟ್ಟಣಗಳ ದಿನಚರಿಗೆ ಇಳಿದದ್ದು ಬಹುಮಟ್ಟಿಗೆ 20ನೇ ಶತಮಾನದಲ್ಲಿ. ಉಡುಪಿಯ ಕಡೆಯಿಂದ ಬಂದ ಅಡುಗೆಯವರು ತೆರೆದ ಹೋಟೆಲುಗಳು ಅದನ್ನು ಬೀದಿಬೀದಿಗೆ ತಲುಪಿಸಿದವು.

ಈ ಚರಿತ್ರೆಯನ್ನು ಬರೀ ಅಕ್ಕರೆಯಿಂದ ಹೇಳಿ ಮುಗಿಸುವಂತಿಲ್ಲ. ಆರಂಭದ ದಶಕಗಳಲ್ಲಿ ಜಾತಿ ನೋಡಿ ಕೂರಿಸುವ ಹೋಟೆಲುಗಳಿದ್ದವು. ಊರುಗಳಲ್ಲಿ ದಲಿತರಿಗೆ ಬೇರೆ ಲೋಟ ಇಡುವ ಪದ್ಧತಿ ಸಂವಿಧಾನ ಅಸ್ಪೃಶ್ಯತೆಯನ್ನು ನಿಷೇಧಿಸಿದ ಮೇಲೂ ಉಳಿದುಕೊಂಡಿತು. ಹೆಂಗಸರಿಗೆ ಪರದೆ ಎಳೆದ ‘ಫ್ಯಾಮಿಲಿ ರೂಮ್’ ಇತ್ತು. ಅಲ್ಲಿಗೆ ಒಬ್ಬಳೇ ಬಂದು ಕಾಫಿ ಹೇಳುವುದು ಸುಲಭವಿರಲಿಲ್ಲ. ‘ನಮ್ಮ ಹೋಟೆಲು’ ಎಂದು ಹೇಳಿಕೊಳ್ಳುವ ಹಕ್ಕು ಎಲ್ಲರಿಗೂ ಒಮ್ಮೆಗೇ ಸಿಕ್ಕಿದ್ದಲ್ಲ.

ಆ ಗೋಡೆಗಳನ್ನು ಸಡಿಲಿಸಿದ್ದರಲ್ಲಿ ಎರಡು ಬಗೆಯ ಅಂಗಡಿಗಳ ಪಾಲು ದೊಡ್ಡದು. ಮೊದಲನೆಯದು ಕಾಫಿ ಹೌಸ್. ದೇಶದೊಳಗೆ ಕಾಫಿಯ ಬಳಕೆ ಹೆಚ್ಚಿಸಲೆಂದು 1930ರ ದಶಕದಿಂದ ಸರ್ಕಾರಿ ಆಶ್ರಯದಲ್ಲಿ ನಡೆದ ಈ ಮನೆಗಳನ್ನು 1950ರ ದಶಕದಲ್ಲಿ ಮುಚ್ಚಲು ಹೊರಟಾಗ ಕೆಲಸ ಕಳೆದುಕೊಂಡ ನೌಕರರೇ ಸಹಕಾರ ಸಂಘ ಕಟ್ಟಿ ಅವನ್ನು ಉಳಿಸಿಕೊಂಡರು. 1957ರಲ್ಲಿ ಅಂಥ ಮೊದಲ ಸಂಘ ಹುಟ್ಟಿದ್ದು ಬೆಂಗಳೂರಿನಲ್ಲಿ. ಇಲ್ಲಿನ ಮಹಾತ್ಮ ಗಾಂಧಿ ರಸ್ತೆಯ ಕಾಫಿ ಹೌಸ್ 2009ರಲ್ಲಿ ಜಾಗ ಬಿಟ್ಟುಕೊಟ್ಟು ಚರ್ಚ್ ಸ್ಟ್ರೀಟಿಗೆ ಹೋದಾಗ ಹಳೆಯ ಗಿರಾಕಿಗಳೂ ಅದರ ಹಿಂದೆಯೇ ಹೋದರು. ಎರಡನೆಯದು 1980ರ ದಶಕದ ದರ್ಶಿನಿ. ಕುರ್ಚಿ ಇಲ್ಲ, ಮಾಣಿ ಇಲ್ಲ, ಟೋಕನ್ ತೆಗೆದುಕೊಂಡು ನಿಂತೇ ಕುಡಿಯಬೇಕು. ಪಕ್ಕದಲ್ಲಿ ನಿಂತವರು ಯಾರೆಂದು ಕೇಳುವ ವ್ಯವಧಾನ ಅಲ್ಲಿ ಯಾರಿಗೂ ಇಲ್ಲ. ಪರದೆಯ ಕೋಣೆಯ ಹಂಗಿಲ್ಲದೆ ಹೆಣ್ಣುಮಕ್ಕಳು ಒಬ್ಬರೇ ಬಂದು ಹೋಗುವುದು ಅಲ್ಲಿ ದಿನನಿತ್ಯದ ಮಾತಾಯಿತು.

ಡಿಕಾಕ್ಷನ್ನಿನ ಲೆಕ್ಕ

ಗಿರಾಕಿಯನ್ನು ಕಟ್ಟಿಹಾಕುವುದು ರುಚಿಯೇ ಎಂದು ಸಾಮಾನ್ಯವಾಗಿ ಭಾವಿಸುತ್ತೇವೆ. ಇದು ಅರ್ಧ ನಿಜ. ಫಿಲ್ಟರಿಗೆ ಪುಡಿ ತುಂಬಿ ಕುದಿನೀರು ಹೊಯ್ದಾಗ ಮೊದಲು ಇಳಿಯುವ ಡಿಕಾಕ್ಷನ್ ಗಟ್ಟಿ, ಘಮಘಮ. ಅದೇ ಪುಡಿಗೆ ಇನ್ನೊಮ್ಮೆ ನೀರು ಹಾಕಿದರೆ ಬಣ್ಣ ಬರುತ್ತದೆ, ಗುಣ ಬರುವುದಿಲ್ಲ. ಮತ್ತೆ ಮತ್ತೆ ಕಾಯಿಸಿದ ಡಿಕಾಕ್ಷನ್ ಕಹಿ ಕಾರುತ್ತದೆ, ಕಾದು ಕಾದು ಕೆನೆಗಟ್ಟಿದ ಹಾಲು ಅದರ ದೋಷವನ್ನು ಮುಚ್ಚುವುದಿಲ್ಲ. ಬೆಳಿಗ್ಗೆ ಆರೂವರೆಗೆ ಸಿಕ್ಕ ಹದ ಸಂಜೆ ನಾಲ್ಕಕ್ಕೂ ಸಿಗಬೇಕಾದರೆ ಹೊತ್ತುಹೊತ್ತಿಗೆ ಹೊಸ ಡಿಕಾಕ್ಷನ್ ಇಳಿಸುವ ಶಿಸ್ತು ಬೇಕು, ಉಳಿದದ್ದನ್ನು ಚೆಲ್ಲುವ ಧೈರ್ಯವೂ ಬೇಕು. ಖಾಯಂ ಗಿರಾಕಿ ಬೆಲೆ ಕೊಡುವುದು ಈ ಏಕರೂಪಕ್ಕೆ. ಅತ್ಯುತ್ತಮ ಕಾಫಿಯನ್ನು ಹುಡುಕಿಕೊಂಡು ದಿನವೂ ಯಾರೂ ಊರು ಸುತ್ತುವುದಿಲ್ಲ; ನಿನ್ನೆಯ ಕಾಫಿ ಇಂದೂ ಸಿಕ್ಕರೆ ಸಾಕು.

ಇನ್ನರ್ಧ ಗುರುತಿನದು. ಸರದಿಯಲ್ಲಿ ಮುಖ ಕಂಡೊಡನೆ ಕೇಳದೆಯೇ ಟೋಕನ್ ಹರಿಯುವ ಗಲ್ಲಾದವರು, ‘ಸ್ಟ್ರಾಂಗ್, ಸಕ್ಕರೆ ಕಡಿಮೆ’ ಎಂದು ಒಳಗೆ ಕೂಗುವವರು, ಒಂದು ಕಾಫಿಯನ್ನು ಮುಖ ಸಿಂಡರಿಸದೆ ಬೈಟು ಮಾಡಿ ಕೊಡುವವರು, ಚಿಲ್ಲರೆ ಇಲ್ಲದಿದ್ದರೆ ‘ನಾಳೆ ಕೊಡಿ ಸಾರ್’ ಎನ್ನುವವರು: ಇವರ ಕೈಯಲ್ಲಿ ಹೋಟೆಲಿನ ಅರ್ಧ ಬಂಡವಾಳವಿದೆ. ಮನೆ ಮತ್ತು ಕೆಲಸದ ಜಾಗ ಎರಡನ್ನೂ ಬಿಟ್ಟು ಮನುಷ್ಯನಿಗೆ ಮೂರನೆಯದೊಂದು ತಾಣ ಬೇಕೆಂದು ಅಮೆರಿಕದ ಸಮಾಜಶಾಸ್ತ್ರಜ್ಞರೊಬ್ಬರು 1989ರಲ್ಲಿ ವಾದಿಸಿದ್ದರು. ನಿವೃತ್ತರಿಗೆ, ಒಂಟಿಯಾಗಿ ಬಾಡಿಗೆ ಕೋಣೆಯಲ್ಲಿರುವ ಯುವಕರಿಗೆ, ಕೆಲಸ ಹುಡುಕಿಕೊಂಡು ಊರು ಬಿಟ್ಟು ಬಂದವರಿಗೆ ಬೆಂಗಳೂರಿನಲ್ಲಿ ಆ ತಾಣ ಅತಿ ಅಗ್ಗವಾಗಿ ಒದಗಿದ್ದು ಕಾಫಿ ಹೋಟೆಲಿನಲ್ಲಿ.

ಕುರ್ಚಿಯ ಬೆಲೆ

1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಇಂಟರ್ನೆಟ್ ಸಮೇತ ತೆರೆದ ಅಂಗಡಿಯೊಂದು ದೇಶದ ಸರಣಿ ಕಾಫಿ ಮಳಿಗೆಗಳಿಗೆ ದಾರಿ ತೋರಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಬೆಳೆಗಾರರು ಕಡ್ಡಾಯ ಸಾಮೂಹಿಕ ಮಾರಾಟ ವ್ಯವಸ್ಥೆಯಿಂದ ಬಿಡುಗಡೆ ಹೊಂದಿ ತಮಗೆ ಬೇಕಾದವರಿಗೆ ಮಾರುವ ಸ್ವಾತಂತ್ರ್ಯ ಪಡೆದರು. ಹೊಸ ಮಳಿಗೆಗಳ ಕಾಫಿ ದರ್ಶಿನಿಗಿಂತ ಹಲವು ಪಟ್ಟು ತುಟ್ಟಿ ಎಂಬ ದೂರು ಹಳೆಯದು. ಆದರೆ ಅಲ್ಲಿ ಗಿರಾಕಿ ಕೊಡುವ ಹಣದಲ್ಲಿ ಎರಡು ತಾಸು ಕೂರುವ ಕುರ್ಚಿಯ ಬಾಡಿಗೆಯೂ ಸೇರಿದೆ ಎಂಬುದನ್ನು ಒಪ್ಪಬೇಕು. ಹುಡುಗ–ಹುಡುಗಿ ಜತೆಗೆ ಕೂತು ಮಾತಾಡಲು ಅಂಜಿಕೆಯಿಲ್ಲದ ಜಾಗ ನಮ್ಮ ನಗರಗಳಲ್ಲಿ ಎಷ್ಟಿದ್ದವು?

ಒಪ್ಪಲಾಗದ್ದು ನಿಷ್ಠೆಯನ್ನು ಅಂಕಗಳಾಗಿ ಎಣಿಸುವ ಕ್ರಮ. ಇಷ್ಟು ಕಾಫಿಗೆ ಒಂದು ಉಚಿತ ಎಂಬ ಆ್ಯಪ್ ಗಿರಾಕಿಯ ಖರ್ಚನ್ನು ನೆನಪಿಡುತ್ತದೆ, ಮುಖವನ್ನಲ್ಲ. ರಿಯಾಯಿತಿ ನಿಂತ ದಿನ ಅವನು ಪಕ್ಕದ ಮಳಿಗೆಗೆ ಹೋಗುತ್ತಾನೆ. ಹಾಗೆಂದು ದರ್ಶಿನಿಯೇ ಶ್ರೇಷ್ಠವೆನ್ನುವುದೂ ಅವಸರ. ನಿಲ್ಲಲಾರದ ವೃದ್ಧರಿಗೆ ಅಲ್ಲಿ ಒಂದು ಬೆಂಚೂ ಇರುವುದಿಲ್ಲ.

ಬೆಲೆ ಏರಿದಾಗ

2025ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿ ದಾಖಲೆ ಬರೆಯಿತು. ಬ್ರೆಜಿಲ್‌ನ ಬರ ಅದಕ್ಕೆ ಮುಖ್ಯ ಕಾರಣ. ಭಾರತದ ಕಾಫಿಯ ಬಹುಪಾಲು ರಫ್ತಾಗುವುದರಿಂದ ಅಲ್ಲಿನ ದರ ಚಿಕ್ಕಮಗಳೂರಿನ ಬೀಜಕ್ಕೂ ಬಸವನಗುಡಿಯ ಲೋಟಕ್ಕೂ ತಟ್ಟುತ್ತದೆ. ಅದೇ ವರ್ಷ ಏಪ್ರಿಲ್ 1ರಿಂದ ರಾಜ್ಯದಲ್ಲಿ ಹಾಲು ಲೀಟರಿಗೆ ₹4 ಏರಿತು. ದಶಕಗಳ ಕಾಲ ಕುಸಿದ ದರದಲ್ಲಿ ಮಾರಿದ ಬೆಳೆಗಾರರಿಗೆ ಈ ಏರಿಕೆ ನ್ಯಾಯದ ಪಾಲು; ಅದನ್ನು ದೂರುವುದು ತರವಲ್ಲ.

ಹೋಟೆಲಿನವರ ಮುಂದೆ ಆಗ ಎರಡು ದಾರಿ. ಒಂದು, ಬೋರ್ಡಿನ ಮೇಲಿನ ಬೆಲೆ ಬದಲಿಸುವುದು. ಇನ್ನೊಂದು, ಬೆಲೆ ಹಾಗೆಯೇ ಇಟ್ಟು ಪುಡಿಯಲ್ಲಿ ಚಿಕೋರಿ ಹೆಚ್ಚಿಸುವುದು. ಚಿಕೋರಿ ಕಲಬೆರಕೆಯಲ್ಲ, ದಕ್ಷಿಣದ ಕಾಫಿಯ ಗಟ್ಟಿತನಕ್ಕೆ ಅದೂ ಕಾರಣ, ಅನೇಕರ ನಾಲಿಗೆ ಅದಕ್ಕೇ ಒಗ್ಗಿದೆ. ಆದರೆ ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರುವಂತಿಲ್ಲ, ಪ್ರಮಾಣವನ್ನು ಪೊಟ್ಟಣದ ಮೇಲೆ ಅಚ್ಚು ಹಾಕಬೇಕು. ಹೋಟೆಲಿನ ಲೋಟಕ್ಕೆ ಅಂಥ ಚೀಟಿ ಇರುವುದಿಲ್ಲ. ಎರಡು ರೂಪಾಯಿ ಏರಿದರೆ ಗೊಣಗುವ ಗಿರಾಕಿ ಮರುದಿನ ಮತ್ತೆ ಬರುತ್ತಾನೆ; ರುಚಿ ಕೆಟ್ಟಿತೆಂದು ಅನ್ನಿಸಿದವನು ಏನೂ ಹೇಳದೆ ಬರುವುದನ್ನೇ ಬಿಡುತ್ತಾನೆ. ಬೆಲೆಯ ಪಟ್ಟಿಯ ಪಕ್ಕದಲ್ಲೇ ಕಾಫಿ ಎಷ್ಟು, ಚಿಕೋರಿ ಎಷ್ಟು ಎಂದು ಒಂದು ಸಾಲು ಬರೆದು ತೂಗುಹಾಕುವುದಕ್ಕೆ ಹೋಟೆಲುಗಳಿಗೆ ಖರ್ಚೇನೂ ಇಲ್ಲ. ಅದನ್ನು ಕೇಳುವ ಹಕ್ಕು ದಿನವೂ ಬರುವ ಗಿರಾಕಿಗಳಿಗಿದೆ, ಅವರು ಕೇಳಲು ಇದು ಸಕಾಲ.