ಹಳೆಯ ಬ್ಯಾಂಡ್ ಸಾ ಮತ್ತೆ ಓಡಬೇಕಾದರೆ

ಹಳೆಯ ಬ್ಯಾಂಡ್ ಸಾ ಒಂದನ್ನು ಗುಜರಿಗೆ ಹಾಕುವ ಮುನ್ನ ಅದರ ಚಕ್ರಗಳನ್ನೊಮ್ಮೆ ನೋಡಬೇಕು. ಬೀಡುಕಬ್ಬಿಣದ ಚೌಕಟ್ಟು ಸುಲಭಕ್ಕೆ ಹಾಳಾಗುವಂಥದ್ದಲ್ಲ. ಬೀಡಿನೊಳಗೆ ತೆಳುವಾಗಿ ಹರಡಿರುವ ಗ್ರಾಫೈಟ್ ಕಂಪನವನ್ನು ಹೀರಿಕೊಳ್ಳುತ್ತದೆ, ಐವತ್ತು ವರ್ಷದ ಹಿಂದೆ ಎರಕ ಹೊಯ್ದ ಚೌಕಟ್ಟು ಇವತ್ತಿಗೂ ಆ ಕೆಲಸ ಮಾಡುತ್ತದೆ. ಸವೆಯುವುದು ಒಂದಕ್ಕೊಂದು ತಾಗುವ ಭಾಗಗಳು: ಚಕ್ರಕ್ಕೆ ಹೊದಿಸಿದ ರಬ್ಬರು, ಬೇರಿಂಗು, ಬ್ಲೇಡನ್ನು ನೇರ ಹಿಡಿಯುವ ಗೈಡು. ಇವನ್ನೆಲ್ಲ ಬಿಟ್ಟು ಮೊದಲು ಬಣ್ಣ ಬಳಿಯಲು ಹೊರಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಅದನ್ನು ಒಣಗಿದ್ದಂತೆಯೇ ಉಜ್ಜಿ ಧೂಳೆಬ್ಬಿಸುವುದು ಅಪಾಯ ಕೂಡ.

ಬ್ಯಾಂಡ್ ಸಾ ಎಂಬ ಪಟ್ಟಿ ಗರಗಸದಲ್ಲಿ ಇರುವುದಿಷ್ಟೇ: ಮೇಲೊಂದು ಚಕ್ರ, ಕೆಳಗೊಂದು ಚಕ್ರ, ಎರಡನ್ನೂ ಬಳಸಿ ಓಡುವ ಹಲ್ಲಿನ ಉಕ್ಕಿನ ಪಟ್ಟಿ, ಅಂದರೆ ಬ್ಲೇಡು. ಚಕ್ರಕ್ಕೆ ತಡೆಯುವ ಅಂಚಿಲ್ಲ, ಆದರೂ ಪಟ್ಟಿ ಜಾರಿ ಬೀಳುವುದಿಲ್ಲ. ಏಕೆಂದರೆ ರಬ್ಬರಿನ ಮೈ ಸಪಾಟಾಗಿಲ್ಲ, ನಡುವೆ ತುಸು ಉಬ್ಬಿದೆ. ಕಣ್ಣಿಗೆ ಅದು ಬೇಗ ಸಿಗದು. ಸ್ಟೀಲ್ ಸ್ಕೇಲನ್ನು ಅಡ್ಡಲಾಗಿಟ್ಟು ಹಿಂದಿನಿಂದ ಟಾರ್ಚ್ ಹಿಡಿದರೆ ಎರಡೂ ಅಂಚಿನಲ್ಲಿ ಬೆಳಕಿನ ಗೆರೆ ಕಾಣುತ್ತದೆ.

ಉಬ್ಬಿನ ಮೇಲಿಟ್ಟದ್ದು ಕೆಳಕ್ಕೆ ಜಾರಬೇಕಲ್ಲವೇ? ಇಲ್ಲಿ ಆಗುವುದು ತದ್ವಿರುದ್ಧ. ಪಟ್ಟಿ ನಡುವಿನಿಂದ ಬಲಕ್ಕೆ ಸರಿಯಿತು ಎನ್ನಿ. ಈಗ ಅದರ ಎಡ ಅಂಚು ಉಬ್ಬಿನ ಎತ್ತರದಲ್ಲಿದೆ, ಬಲ ಅಂಚು ಇಳಿಜಾರಿನಲ್ಲಿದೆ. ಎಡ ಅಂಚಿಗೆ ಹೆಚ್ಚು ಎಳೆತ, ಬಲಕ್ಕೆ ಕಡಿಮೆ. ಈ ವ್ಯತ್ಯಾಸದಿಂದ, ಚಕ್ರದತ್ತ ಬರುತ್ತಿರುವ ಭಾಗ ತುಸು ಬಾಗಿ ಎತ್ತರದ ಕಡೆಗೆ ಓರೆಯಾಗುತ್ತದೆ. ರಬ್ಬರು ತನಗೆ ತಾಗಿದ್ದನ್ನು ಅಲ್ಲಿಯೇ ಹಿಡಿಯುವುದರಿಂದ ಹಿಂದೆ ಬರುವ ಪ್ರತಿ ಭಾಗವೂ ಮೊದಲಿನದಕ್ಕಿಂತ ಒಂದಿಷ್ಟು ಎಡಕ್ಕೆ ಕೂರುತ್ತದೆ. ಹೀಗೆ ಏರುತ್ತ ನೆತ್ತಿ ತಲುಪಿದಾಗ ಎರಡೂ ಅಂಚಿನ ಎಳೆತ ಸಮವಾಗುತ್ತದೆ, ಪಟ್ಟಿ ಅಲ್ಲಿ ನಿಲ್ಲುತ್ತದೆ. ಬರೀ ಆಕಾರದಿಂದ ಇಷ್ಟೆಲ್ಲ ಸಾಧಿಸುವ ಈ ಉಪಾಯಕ್ಕಿಂತ ಚೆಲುವಾದದ್ದು ಮರಗೆಲಸದ ಶೆಡ್ಡಿನಲ್ಲಿ ಇನ್ನೊಂದಿಲ್ಲವೆಂದೇ ನನ್ನ ನಂಬಿಕೆ.

ಹಸಿ ಮರದ ಅಂಟಿಗೆ ಹುಡಿ ಸೇರಿ ರಬ್ಬರಿನ ಮೇಲೆ ಗಟ್ಟಿ ಪದರ ಕಟ್ಟಿದಾಗ ಈ ಲೆಕ್ಕವೆಲ್ಲ ಕೆಡುತ್ತದೆ. ಒಂದೇ ಉಬ್ಬಿದ್ದ ಕಡೆ ಹತ್ತಾರು ದಿಣ್ಣೆಗಳಾಗಿ ಬ್ಲೇಡು ಹಿಂದೆ ಮುಂದೆ ಓಲಾಡುತ್ತದೆ, ಕೊಯ್ತ ಅಲೆಅಲೆಯಾಗುತ್ತದೆ. ಬ್ಲೇಡನ್ನು ದೂರಿ ಹೊಸದು ತರುವ ಮೊದಲು ಮರದ ತುಂಡಿನಿಂದ ಆ ಪದರವನ್ನು ಕೆರೆದು ತೆಗೆಯಬೇಕು. ರಬ್ಬರು ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಹೊಸದನ್ನು ಅಂಟಿಸಿ, ಉಬ್ಬು ಉಳಿಯುವಂತೆ ಮರಳು ಕಾಗದದಿಂದ ತಿದ್ದುವುದೇ ದಾರಿ.

ತೀರಾ ಹಳೆಯ ಯಂತ್ರಗಳಲ್ಲಿ ಬಾಲ್ ಬೇರಿಂಗ್ ಇರುವುದಿಲ್ಲ, ಬ್ಯಾಬಿಟ್ ಲೋಹದ ಬೇರಿಂಗ್ ಇರುತ್ತದೆ. ಅಮೆರಿಕದ ಐಸಾಕ್ ಬ್ಯಾಬಿಟ್ 1839ರಲ್ಲಿ ಪೇಟೆಂಟ್ ಪಡೆದದ್ದು ಇದಕ್ಕೇ. ತವರಕ್ಕೆ ಸ್ವಲ್ಪ ಆಂಟಿಮನಿ, ಸ್ವಲ್ಪ ತಾಮ್ರ ಬೆರೆತ ಈ ಲೋಹದಲ್ಲಿ ಮೆದು ತವರದ ನಡುವೆ ಗಟ್ಟಿ ಹರಳುಗಳಿರುತ್ತವೆ. ಹರಳು ಭಾರ ಹೊರುತ್ತದೆ. ಎಣ್ಣೆಯಲ್ಲಿ ಸಿಕ್ಕಿಬಿದ್ದ ಮರಳಿನ ಕಣ ಮೆದು ಭಾಗದಲ್ಲಿ ಹುದುಗುತ್ತದೆ, ಶಾಫ್ಟಿಗೆ ಗೀರು ಬೀಳುವುದಿಲ್ಲ. ಸವೆದರೆ ಅದೇ ಜಾಗದಲ್ಲಿ ಕರಗಿಸಿ ಹೊಸದನ್ನು ಹೊಯ್ಯಬಹುದು. ಸುಮಾರು 240 ಡಿಗ್ರಿ ಸೆಲ್ಸಿಯಸ್‌ಗೇ ಅದು ಕರಗತೊಡಗುತ್ತದೆ, ಹೊಯ್ಯಲು ಇನ್ನೂ ಬಿಸಿ ಬೇಕು. ಹದ ನೋಡಲು ಪೈನ್ ಕಡ್ಡಿಯೊಂದನ್ನು ಅದ್ದುತ್ತಾರೆ: ಕಡ್ಡಿ ಕಂದಾಗಬೇಕು, ಹೊತ್ತಿಕೊಳ್ಳಬಾರದು. ಲೋಹ ಅಂಟದಿರಲೆಂದು ಶಾಫ್ಟಿಗೆ ದೀಪದ ಮಸಿ ಹಿಡಿಸುತ್ತಾರೆ. ಬೇರಿಂಗಿನ ಗೂಡನ್ನು ಮೊದಲೇ ಕಾಯಿಸಿ ಒಣಗಿಸುವುದು ಕಡ್ಡಾಯ. ಒಂದು ಹನಿ ನೀರಿದ್ದರೂ ಅದು ಥಟ್ಟನೆ ಆವಿಯಾಗಿ ಕಾದ ಲೋಹ ಮುಖಕ್ಕೆ ಸಿಡಿಯುತ್ತದೆ. ಕೆಲವು ಬ್ಯಾಬಿಟ್‌ಗಳಲ್ಲಿ ಸೀಸವೂ ಇರುವುದರಿಂದ ಗಾಳಿಯಾಡುವ ಜಾಗದಲ್ಲೇ ಈ ಕೆಲಸ ಆಗಬೇಕು.

ಇನ್ನು ಬ್ಲೇಡು. ಪಟ್ಟಿ ಗರಗಸಕ್ಕೆ ಇಂಗ್ಲೆಂಡಿನ ವಿಲಿಯಂ ನ್ಯೂಬೆರಿ ಹತ್ತೊಂಬತ್ತನೇ ಶತಮಾನದ ಆರಂಭದಲ್ಲೇ ಪೇಟೆಂಟ್ ಪಡೆದಿದ್ದರು, ಆದರೆ ಪಟ್ಟಿಯ ತುದಿಗಳನ್ನು ಬೆಸೆದ ಜಾಗ ತಾಳಿಕೆ ಬರುತ್ತಿರಲಿಲ್ಲ. 1846ರಲ್ಲಿ ಫ್ರಾನ್ಸಿನ ಆನ್ ಪಾಲಿನ್ ಕ್ರೆಪ್ಯಾಂ ಎಂಬ ಮಹಿಳೆ ಬೆಸುಗೆಗೊಂದು ಒಳ್ಳೆಯ ವಿಧಾನ ಕಂಡುಹಿಡಿದ ಮೇಲೆಯೇ ಯಂತ್ರ ನಿಜವಾಗಿ ಬಳಕೆಗೆ ಬಂತು.

ಬೆಸುಗೆ ಏನನ್ನು ತಾಳಬೇಕು ನೋಡಿ. ಚಕ್ರ 600 ಮಿಲಿಮೀಟರಿನದು, ನಿಮಿಷಕ್ಕೆ 700 ಸುತ್ತು. ಪಟ್ಟಿಯ ಉದ್ದ ನಾಲ್ಕೂವರೆ ಮೀಟರ್ ಎಂದಿಟ್ಟುಕೊಳ್ಳಿ. ಪಟ್ಟಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ, ಸುಮಾರು ಐದು ಬಾರಿ ಸುತ್ತಿ ಬರುತ್ತದೆ, ಪ್ರತಿ ಸುತ್ತಿಗೆ ಎರಡು ಸಲ ಬಾಗಿ ನೇರವಾಗುತ್ತದೆ. ಗಂಟೆಗೆ ಸುಮಾರು 35,000 ಬಾಗು! ಪಟ್ಟಿ 0.6 ಮಿಲಿಮೀಟರ್ ದಪ್ಪವಿದ್ದರೆ ಬಾಗಿದಾಗ ಅದರ ಹೊರಮೈ ಸಾವಿರಕ್ಕೊಂದು ಪಾಲು ಹಿಗ್ಗುತ್ತದೆ. ಒಂದೊಂದು ಚದರ ಮಿಲಿಮೀಟರಿಗೂ 20 ಕಿಲೋ ತೂಕ ನೇತುಹಾಕಿದಷ್ಟು ಎಳೆತ ಅದು. ದಪ್ಪ ಹೆಚ್ಚಿದಷ್ಟೂ ಎಳೆತ ಹೆಚ್ಚು. ದಪ್ಪ ಬ್ಲೇಡು ಹೆಚ್ಚು ಬಾಳುತ್ತದೆಂಬ ಎಣಿಕೆ ಸಣ್ಣ ಚಕ್ರದ ಯಂತ್ರದಲ್ಲಿ ತಲೆಕೆಳಗಾಗುವುದು ಇದರಿಂದಲೇ. ಚಕ್ರದ ವ್ಯಾಸದ ಸಾವಿರದಲ್ಲೊಂದು ಪಾಲು ದಪ್ಪ ಸಾಕು ಎಂಬುದು ಹಳೆಯ ಲೆಕ್ಕ. ಬಿರುಕು ಸಾಮಾನ್ಯವಾಗಿ ಹಲ್ಲಿನ ಬುಡದಲ್ಲಿ ಹುಟ್ಟುತ್ತದೆ. ಅರ ಹಾಕುವಾಗ ಆ ಬುಡವನ್ನು ದುಂಡಗೇ ಉಳಿಸಬೇಕು, ಚೂಪು ಮೂಲೆ ಬಿಟ್ಟರೆ ಎಳೆತವೆಲ್ಲ ಅಲ್ಲಿಗೇ ಬಂದು ಸೇರುತ್ತದೆ.

ಮರವಿಟ್ಟು ಕೊಯ್ಯುವ ಮೇಜಿನ ತುಕ್ಕಿಗೆ ಸೀಮೆಎಣ್ಣೆ, ನಯವಾದ ಎಮೆರಿ ಕಾಗದ ಸಾಕು. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯ ಕಡೆ, ಆಮೇಲೆ ಮೇಣ ಸವರಿಡಬೇಕು. ದುರಸ್ತಿಯಾದ ಯಂತ್ರವನ್ನು ಮೊದಲು ಮೇನ್ ಸ್ವಿಚ್ ಆರಿಸಿಟ್ಟು ಕೈಯಿಂದಲೇ ಸುತ್ತಿ, ಮೇಲಿನ ಚಕ್ರದ ಓರೆ ತಿದ್ದುತ್ತ ಪಟ್ಟಿ ಎಲ್ಲಿ ನಿಲ್ಲುತ್ತದೆಂದು ನೋಡುವುದು ಒಳ್ಳೆಯದು. ದಿನದ ಕೆಲಸ ಮುಗಿದ ಮೇಲೆ ಬ್ಲೇಡಿನ ಬಿಗಿ ಸಡಿಲಿಸಿದರೆ ರಬ್ಬರು ಒಂದೇ ಕಡೆ ಒತ್ತಿ ತಗ್ಗು ಬೀಳುವುದಿಲ್ಲ. ಆದರೆ ಬೆಳಿಗ್ಗೆ ಬೇರೊಬ್ಬರು ಗೊತ್ತಿಲ್ಲದೆ ಸ್ವಿಚ್ ಒತ್ತಿದರೆ ಸಡಿಲ ಪಟ್ಟಿ ಚಕ್ರದಿಂದ ಹಾರಬಹುದು. ಆದ್ದರಿಂದ ‘ಬ್ಲೇಡ್ ಸಡಿಲವಿದೆ’ ಎಂದು ಬರೆದ ರಟ್ಟಿನ ಚೂರನ್ನು ಸ್ವಿಚ್ಚಿಗೇ ತೂಗುಹಾಕಿ ಹೋಗಬೇಕು.