ಕಂಡದ್ದು ಮತ್ತು ನೆನೆದದ್ದು

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಮ್ಮಲ್ಲಿದೆ. ಆದರೂ ನ್ಯಾಯಸ್ಥಾನದಲ್ಲಾಗಲಿ ಮನೆಯ ಜಗಲಿಯಲ್ಲಾಗಲಿ ಕಣ್ಣಾರೆ ಕಂಡವನ ಮಾತಿಗೆ ಸಲ್ಲುವ ಬೆಲೆ ಬೇರೆಯ ಮಾತಿಗೆ ಸಲ್ಲದು. ನೆನಪೆಂಬುದು ಒಂದು ಪೆಟ್ಟಿಗೆ, ಅದರೊಳಗಿನ ವಸ್ತು ಕಳೆದುಹೋಗಬಹುದೇ ಹೊರತು ಬದಲಾಗಲಾರದು ಎಂದು ನಾವು ನಂಬಿರುವುದೇ ಇದಕ್ಕೆ ಕಾರಣ.

ಕಳೆದುಹೋಗುವುದರ ಲೆಕ್ಕವಿಟ್ಟವನು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್. ಅವನು ಅರ್ಥವಿಲ್ಲದ ಅಕ್ಷರಪುಂಜಗಳನ್ನು ತಾನೇ ಉರುಹೊಡೆದು ತನ್ನನ್ನೇ ಪರೀಕ್ಷಿಸಿಕೊಂಡನು. ಮರೆವು ಮೊದಲು ಅತಿ ವೇಗವಾಗಿಯೂ ಅನಂತರ ಮೆಲ್ಲಗೂ ಸಾಗುವುದೆಂದು 1885ರಲ್ಲಿ ಪ್ರಕಟಿಸಿದನು. ಆದರೆ ಅರ್ಥವಿಲ್ಲದ್ದನ್ನು ನೆನಪಿಡಬೇಕಾದ ಪ್ರಸಂಗ ನಮಗೆಷ್ಟು ಸಲ ಬರುತ್ತದೆ? (ಪರೀಕ್ಷೆಯ ಹಿಂದಿನ ರಾತ್ರಿಯ ಮಾತು ಬೇರೆ!)

ಕೇಂಬ್ರಿಜ್ಜಿನ ಫ್ರೆಡರಿಕ್ ಬಾರ್ಟ್‌ಲೆಟ್ ಈ ಕೊರತೆಯನ್ನು ಕಂಡು, ಅಮೆರಿಕದ ಮೂಲನಿವಾಸಿಗಳ ಜನಪದ ಕಥೆಯೊಂದನ್ನು ಇಂಗ್ಲಿಷರಿಗೆ ಓದಲು ಕೊಟ್ಟು, ಕಾಲಾನುಕಾಲಕ್ಕೆ ಅವರಿಂದ ಬರೆಸಿದನು. ಕಥೆ ಬರಬರುತ್ತ ಮೊಟಕಾಯಿತು. ಅಷ್ಟೇ ಅಲ್ಲ, ಇಂಗ್ಲಿಷಿನದಾಯಿತು. ನೀರುನಾಯಿಯಂಥ ಸೀಲ್ ಪ್ರಾಣಿಗಳ ಬೇಟೆ ಮೀನು ಹಿಡಿಯುವುದಾಯಿತು. ಅಲ್ಲಿಯ ಮರದ ತೋಡುದೋಣಿ ಸಾಮಾನ್ಯ ದೋಣಿಯಾಯಿತು. ಮನಸ್ಸು ತನಗೆ ಪರಿಚಿತವಾದ ಅಚ್ಚಿನಲ್ಲಿ ನೆನಪನ್ನು ಪ್ರತಿಸಲವೂ ಹೊಸದಾಗಿ ಕಟ್ಟುತ್ತದೆ ಎಂಬ ಸಿದ್ಧಾಂತವನ್ನು ಅವನು 1932ರಲ್ಲಿ ಮುಂದಿಟ್ಟನು.

ಕಟ್ಟುವ ಕೆಲಸದಲ್ಲಿ ಹೊರಗಿನವರ ಮಾತೂ ಸೇರಬಹುದೆ? ಅಮೆರಿಕದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಇದನ್ನು ಪರೀಕ್ಷಿಸಿದರು. ಮೋಟಾರು ಅಪಘಾತಗಳ ಚಲಚ್ಚಿತ್ರಗಳನ್ನು ತೋರಿಸಿ, ಕಾರುಗಳ ವೇಗವೆಷ್ಟಿತ್ತೆಂದು 45 ವಿದ್ಯಾರ್ಥಿಗಳನ್ನು ಕೇಳಿದರು. ಕಾರುಗಳು ‘ಅಪ್ಪಳಿಸಿದಾಗ’ ಎಂದು ಕೇಳಿದವರಿಂದ ಬಂದ ಸರಾಸರಿ ಉತ್ತರ ಗಂಟೆಗೆ 40 ಮೈಲಿಗೂ ತುಸು ಹೆಚ್ಚು; ‘ತಾಗಿದಾಗ’ ಎಂದು ಕೇಳಿದವರಿಂದ 31.8. ಮತ್ತೊಂದು ಪ್ರಯೋಗದಲ್ಲಿ ಒಂದು ವಾರ ಕಳೆದು, ಒಡೆದ ಗಾಜನ್ನು ಕಂಡಿರೇ ಎಂದು ವಿಚಾರಿಸಲಾಯಿತು. ಚಿತ್ರದಲ್ಲಿ ಗಾಜೇ ಒಡೆದಿರಲಿಲ್ಲ! ಆದರೂ ‘ಅಪ್ಪಳಿಸಿದಾಗ’ ಎಂಬ ಮಾತನ್ನು ಕೇಳಿದ್ದ 50 ಮಂದಿಯಲ್ಲಿ 16 ಮಂದಿ ಕಂಡೆವೆಂದರು. ‘ಡಿಕ್ಕಿ ಹೊಡೆದಾಗ’ ಎಂಬುದನ್ನು ಕೇಳಿದ್ದ 50 ಮಂದಿಯಲ್ಲಿ 7 ಮಂದಿ ಮಾತ್ರ. ಇವರು ಸುಳ್ಳಾಡಿದರೆನ್ನುವುದು ಅನ್ಯಾಯ. ಕೇಳಿದ ಒಂದು ಕ್ರಿಯಾಪದ ಕಂಡದ್ದರೊಡನೆ ಬೆರೆತು ಒಂದಾಗಿತ್ತು.

ಪ್ರಯೋಗಶಾಲೆಯ ಹೊರಗೆ ಇಂತಹ ಬೆರಕೆಯ ಬೆಲೆ ದೊಡ್ಡದು. 1984ರಲ್ಲಿ ಅಮೆರಿಕದ ಉತ್ತರ ಕೆರೊಲಿನಾ ಸಂಸ್ಥಾನದಲ್ಲಿ ಆಕ್ರಮಣಕ್ಕೆ ಗುರಿಯಾದ ಕಾಲೇಜು ವಿದ್ಯಾರ್ಥಿನಿಯೊಬ್ಬಳು, ಮುಂದೆ ಗುರುತಿಸಬೇಕೆಂಬ ದೃಢಸಂಕಲ್ಪದಿಂದ ಆ ದುಷ್ಟನ ಮುಖವನ್ನು ದಿಟ್ಟಿಸಿ ನೋಡಿದ್ದಳು. ಪೊಲೀಸರು ತೋರಿಸಿದ ಭಾವಚಿತ್ರಗಳಲ್ಲಿ ಒಂದನ್ನು ಆರಿಸಿದಳು. ಬಳಿಕ ಸಾಲಾಗಿ ನಿಲ್ಲಿಸಿದವರಲ್ಲಿಯೂ ಆ ಮನುಷ್ಯನನ್ನೇ ತೋರಿಸಿದಳು. 1985ರಲ್ಲಿ ಅವನಿಗೆ ಶಿಕ್ಷೆಯಾಯಿತು. 1987ರ ಮರುವಿಚಾರಣೆಯಲ್ಲಿ ನಿಜವಾದ ಅಪರಾಧಿಯನ್ನೇ ಎದುರಿಗೆ ತಂದಾಗ, ಇವನನ್ನು ತಾನೆಂದೂ ಕಂಡಿಲ್ಲವೆಂದಳು. ಆರಿಸಿದ ಚಿತ್ರದ ಮುಖ, ಕಂಡ ಮುಖದ ಸ್ಥಾನವನ್ನು ಆಗಲೇ ಆಕ್ರಮಿಸಿತ್ತೆಂದು ಮನಶ್ಶಾಸ್ತ್ರಜ್ಞರು ಇದನ್ನು ವಿವರಿಸುತ್ತಾರೆ. 1995ರಲ್ಲಿ ಡಿ.ಎನ್.ಎ. ಪರೀಕ್ಷೆಯಿಂದ ನಿರಪರಾಧಿ ಬಿಡುಗಡೆ ಹೊಂದುವ ವೇಳೆಗೆ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಸೆರೆಯಲ್ಲಿ ಕಳೆದಿದ್ದನು.

ಅದೇ ಸಂಸ್ಥಾನ 2007ರಲ್ಲಿ ಒಂದು ಶಾಸನ ಮಾಡಿತು. ಅದರಂತೆ, ಪೊಲೀಸರಿಗೆ ಯಾರ ಮೇಲೆ ಸಂಶಯವಿದೆಯೆಂಬುದು ಗುರುತಿಸುವಿಕೆಯನ್ನು ನಡೆಸುವ ಅಧಿಕಾರಿಗೇ ತಿಳಿದಿರಬಾರದು. ಸಾಲಿನಲ್ಲಿ ಅಪರಾಧಿ ಇಲ್ಲದೆಯೂ ಇರಬಹುದೆಂದು ಸಾಕ್ಷಿಗೆ ಮೊದಲೇ ತಿಳಿಸಬೇಕು. ತನಗೆಷ್ಟು ಖಚಿತವೆಂಬುದನ್ನು ಸಾಕ್ಷಿಯ ಮಾತಿನಲ್ಲಿಯೇ ಬರೆದಿಡಬೇಕು.